ಕ್ಲಾಸಿನಲ್ಲಿ ಬೊಕೊನಾನ್, ಊರಲ್ಲಿ ಹಾಸನಾಂಬೆ: ಈ ಕಾದಂಬರಿ ಪಾಠ ಮಾಡಲೋ ಬೇಡವೋ?

ಪ್ರಶ್ನೆ: ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಈ ಸೆಮಿಸ್ಟರ್‌ಗೆ ಅಮೆರಿಕದ ಲೇಖಕ ಕರ್ಟ್ ವಾನೆಗಟ್‌ನ 'ಕ್ಯಾಟ್ಸ್ ಕ್ರೇಡಲ್' ಕಾದಂಬರಿ ಆರಿಸಿಕೊಂಡೆ. ಬಿಎ, ಬಿಎಸ್ಸಿ ಎರಡೂ ಕಡೆಯ ಮಕ್ಕಳಿರುವ ಕ್ಲಾಸು. ಅದರಲ್ಲಿ ಬೊಕೊನಾನ್ ಎನ್ನುವವನು, ಸುಳ್ಳೆಂದು ತಾನೇ ಸಾರಿ ಒಂದು ಧರ್ಮ ಕಟ್ಟುತ್ತಾನೆ. ಅರ್ಧ ಪುಸ್ತಕ ಮುಗಿದಿದೆ. ಮೊನ್ನೆ ಒಬ್ಬ ಹುಡುಗ ಎದ್ದು, "ಮೇಡಂ, ಹಾಗಾದ್ರೆ ಹಾಸನಾಂಬೆ ಗುಡಿಯ ದೀಪ ವರ್ಷವಿಡೀ ಉರಿಯುತ್ತೆ ಅನ್ನೋದೂ ಬೊಕೊನಾನ್ ಹೇಳೋ ಥರದ ಸುಳ್ಳೇನಾ?" ಅಂದ. ಅರ್ಧ ಕ್ಲಾಸು ನಕ್ಕಿತು, ಇನ್ನರ್ಧ ಮುಖ ಗಂಟಿಕ್ಕಿಕೊಂಡಿತು. ಬೆಲ್ ಹೊಡೆಯುವ ತನಕ ಏನೋ ಹೇಳಿ ಜಾರಿಕೊಂಡೆ. ಮರುದಿನ ಒಬ್ಬ ಪೋಷಕರು ಪ್ರಿನ್ಸಿಪಾಲರಿಗೆ ಫೋನ್ ಮಾಡಿದ್ದಾರೆ. "ಸುಮ್ನೆ ತಲೆನೋವು ಯಾಕೆ, ಬೇರೆ ಪುಸ್ತಕ ತಗೊಳ್ಳಿ" ಎಂದು ಪ್ರಿನ್ಸಿಪಾಲರ ಸಲಹೆ. ಅತ್ತ ಬಿಎಸ್ಸಿ ಮಕ್ಕಳಿಗೆ ಇದು ವಿಜ್ಞಾನವನ್ನು ಬೈಯುವ ಪುಸ್ತಕ ಅನ್ನಿಸಿದೆ. ಅದರಲ್ಲಿ ಬರುವ ಐಸ್-ನೈನ್ ಎಂಬ ವಿಚಿತ್ರ ಮಂಜುಗಡ್ಡೆ ನಿಜವಾಗಿ ಇದೆಯಾ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮುಂದುವರಿಸಲೋ, ನಿಲ್ಲಿಸಲೋ ಸರ್?

ಉತ್ತರ: ಮುಂದುವರಿಸಿ ಮೇಡಂ. ಆದರೆ ಮುಂದಿನ ಕ್ಲಾಸಿನಲ್ಲೇ ಸ್ವಲ್ಪ ದಿಕ್ಕು ಬದಲಿಸಿ. ನಿಮ್ಮ ಪತ್ರ ಓದಿದರೆ, ಕ್ಲಾಸು ಈಗ ವಿಜ್ಞಾನದವರು, ದೇವರ ಕಡೆಯವರು ಎಂದು ಎರಡು ಗುಂಪಾಗಿ ಕೂತಿದೆ ಅನ್ನಿಸುತ್ತದೆ. ನಿಮ್ಮನ್ನು ತೀರ್ಪು ಕೊಡುವ ಕುರ್ಚಿಯಲ್ಲಿ ಕೂರಿಸಿದ್ದಾರೆ. ಆ ಕುರ್ಚಿಯಿಂದ ಇಳಿದರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಯಾಕೆಂದರೆ ಕಾದಂಬರಿಯಲ್ಲಿ ಆ ಜಗಳವೇ ಇಲ್ಲ.

ಓದದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1963ರಲ್ಲಿ ಬಂದ ಪುಸ್ತಕ, 127 ಅಧ್ಯಾಯ, ಬಹುಪಾಲು ಒಂದೆರಡು ಪುಟದವು. ಜಾನ್ ಎಂಬ ಬರಹಗಾರ, ಹಿರೋಶಿಮಾ ಮೇಲೆ ಬಾಂಬು ಬಿದ್ದ 1945ರ ಆಗಸ್ಟ್ 6ರಂದು ಅಮೆರಿಕದ ದೊಡ್ಡವರು ಏನು ಮಾಡುತ್ತಿದ್ದರು ಎಂದು ಹುಡುಕಿಕೊಂಡು ಹೊರಡುತ್ತಾನೆ. ಆ ಬಾಂಬು ತಯಾರಿಸಿದವರಲ್ಲಿ ಒಬ್ಬ ಫೀಲಿಕ್ಸ್ ಹೋನಿಕರ್ ಎನ್ನುವ ಕಾಲ್ಪನಿಕ ವಿಜ್ಞಾನಿ. ಆತ ಆ ದಿನ ಮನೆಯಲ್ಲಿ ಕೂತು ಬೆರಳಿಗೆ ದಾರ ಸಿಕ್ಕಿಸಿಕೊಂಡು ಆಟ ಆಡುತ್ತಿದ್ದ. ಸೈನಿಕರಿಗೆ ಕೆಸರಿನ ಕಾಟ ತಪ್ಪಿಸಿ ಎಂದು ಒಬ್ಬ ಜನರಲ್ ಕೇಳಿದ್ದಕ್ಕೆ ಇವನು ಐಸ್-ನೈನ್ ಕಂಡುಹಿಡಿಯುತ್ತಾನೆ. ಅದರ ಒಂದು ಹರಳು ಸೋಕಿದರೆ ಸಾಕು, ನೀರು ಗಡ್ಡೆ ಕಟ್ಟುತ್ತದೆ. ಕರಗುವುದು 45.8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅವನು ಸತ್ತ ಮೇಲೆ ಮೂವರು ಮಕ್ಕಳು ಅದನ್ನು ಹಂಚಿಕೊಳ್ಳುತ್ತಾರೆ. ಕಥೆ ಕೆರಿಬಿಯನ್ನಿನ ಸ್ಯಾನ್ ಲೊರೆಂಜೊ ಎಂಬ ಬಡ ದ್ವೀಪಕ್ಕೆ ಹೋಗುತ್ತದೆ. ಅಲ್ಲಿ ಬೊಕೊನಾನ್ ಎನ್ನುವವನು ಒಂದು ಧರ್ಮ ಕಟ್ಟಿದ್ದಾನೆ. ಅದೆಲ್ಲ ಸುಳ್ಳು ಎಂದು ಅವನೇ ಸಾರಿ ಹೇಳುತ್ತಾನೆ. ಕೊನೆಗೆ ಒಂದು ಅಪಘಾತದಲ್ಲಿ ಐಸ್-ನೈನ್ ಸಮುದ್ರ ಸೇರುತ್ತದೆ.

ಮೊದಲು ನಿಮ್ಮ ಬಿಎಸ್ಸಿ ಮಕ್ಕಳ ಪ್ರಶ್ನೆ. ನನಗೆ ಇದೇ ಜಾಸ್ತಿ ಇಷ್ಟದ ಭಾಗ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಕಾದಂಬರಿಯಲ್ಲಿರುವಂಥ ಐಸ್-ನೈನ್ ಇಲ್ಲ. ಐಸ್ ಒಂಬತ್ತು ಎಂಬ ಹೆಸರಿನ ಮಂಜುಗಡ್ಡೆಯ ರೂಪ ಒಂದು ನಿಜವಾಗಿ ಇದೆ, ಇಂಟರ್ನೆಟ್ಟಿನಲ್ಲಿ ಮಕ್ಕಳಿಗೆ ಸಿಗುವುದು ಅದೇ. ಆದರೆ ಅದು ಸುಮಾರು ಮೈನಸ್ 133 ಡಿಗ್ರಿಗಿಂತ ಕೆಳಗೆ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಎರಡು ಸಾವಿರ ಪಟ್ಟಿಗೂ ಮೇಲಿನ ಒತ್ತಡದಲ್ಲಿ ಇರುವಂಥದ್ದು. ಹೇಮಾವತಿ ಜಲಾಶಯಕ್ಕೆ ತಂದು ಹಾಕಿದರೂ ಏನೂ ಆಗುವುದಿಲ್ಲ. ನಮ್ಮ ವಾತಾವರಣದಲ್ಲೇ ನೀರಿಗಿಂತ ಸ್ಥಿರವಾಗಿ ನಿಲ್ಲುವ ಒಂದು ಗಡ್ಡೆ ಇರಬಹುದಾಗಿದ್ದರೆ, ಇಷ್ಟು ಕೋಟಿ ವರ್ಷಗಳಲ್ಲಿ ಎಲ್ಲೋ ಒಂದು ಕಡೆ ತಾನಾಗಿ ಹುಟ್ಟಿ ಸಮುದ್ರವನ್ನೆಲ್ಲ ಯಾವತ್ತೋ ಮುಗಿಸಿರುತ್ತಿತ್ತು.

ಚುರುಕಿನ ಮಕ್ಕಳಿಗೆ ಇನ್ನೊಂದು ಲೆಕ್ಕ ಕೊಡಿ. ನೀರು ಗಡ್ಡೆ ಕಟ್ಟುವಾಗ ಶಾಖ ಬಿಡುತ್ತದೆ, ಮಾಮೂಲಿ ಮಂಜುಗಡ್ಡೆಗಾದರೆ ಗ್ರಾಮಿಗೆ ಸುಮಾರು 80 ಕ್ಯಾಲೊರಿ. ಐಸ್-ನೈನ್ ಕೂಡ ಅಷ್ಟೇ ಬಿಡುತ್ತದೆ ಎಂದು ಇಟ್ಟುಕೊಳ್ಳಿ. ಸಮುದ್ರದ ನೀರು 25 ಡಿಗ್ರಿ ಇದ್ದರೆ, ಕಾಲು ಭಾಗ ಗಡ್ಡೆ ಕಟ್ಟುವಷ್ಟರಲ್ಲಿ ಉಳಿದದ್ದು ಬಿಸಿಯಾಗಿ 45.8ಕ್ಕೆ ಮುಟ್ಟುತ್ತದೆ. ಅಲ್ಲಿಗೆ ಆಟ ನಿಂತಿತು. ಆ ಶಾಖ ಹೊರಗೆ ಹೋಗುವ ತನಕ ಮುಂದಕ್ಕೆ ಹೋಗುವಂತಿಲ್ಲ. ಒಂದೇ ಏಟಿಗೆ ಜಗತ್ತು ಬಿಳಿಯಾಗಲು ಭೌತಶಾಸ್ತ್ರ ಬಿಡುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಮಾಡಿಸಿದರೆ, ಇಂಗ್ಲಿಷ್ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗರೂ ಮುಂದೆ ಬರುತ್ತಾರೆ.

ಹಾಗಂತ ಪೂರ್ತಿ ಕಟ್ಟುಕಥೆಯೂ ಅಲ್ಲ. ಒಂದು ಹರಳು ಬಿದ್ದು ಮಿಕ್ಕದ್ದೆಲ್ಲ ತನ್ನಂತೆ ಆಗುವುದು ಪ್ರಯೋಗಾಲಯದಲ್ಲಿ ದಿನಾ ನಡೆಯುವ ವಿಷಯ. ನಿಮ್ಮ ಕೆಮಿಸ್ಟ್ರಿ ವಿಭಾಗದವರಿಗೆ ಹೇಳಿ, ಸೋಡಿಯಂ ಅಸಿಟೇಟ್‌ನ ಗಾಢ ದ್ರಾವಣ ಬಿಸಿಯಲ್ಲಿ ಮಾಡಿಸಿ, ಅಲ್ಲಾಡಿಸದೆ ತಣ್ಣಗಾಗಲು ಬಿಡಿ. ಒಂದು ಚೂರು ಹರಳು ಹಾಕಿದರೆ ನೋಡನೋಡುತ್ತ ಬೀಕರೇ ಗಟ್ಟಿಯಾಗುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ. ಮೇಲೆ ಹೇಳಿದ ಶಾಖದ ಲೆಕ್ಕವೂ ಕೈಗೆ ಸಿಕ್ಕಿತು! 1998ರಲ್ಲಿ ರಿಟೊನಾವಿರ್ ಎಂಬ ಎಚ್‌ಐವಿ ಔಷಧಿಗೂ ಇಂಥದ್ದೇ ಆಯಿತು. ಯಾರೂ ಕಾಣದ ಹೊಸ ಹರಳಿನ ರೂಪ ಒಂದು ಕಾರ್ಖಾನೆಯಲ್ಲಿ ಕಾಣಿಸಿಕೊಂಡಿತು. ಅದು ಸರಿಯಾಗಿ ಕರಗುತ್ತಿರಲಿಲ್ಲ. ಅದು ಕಾಲಿಟ್ಟ ಕಡೆ ಹಳೆಯ ರೂಪ ತಯಾರಿಸುವುದೇ ಕಷ್ಟವಾಗಿ, ಆ ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ವಾನೆಗಟ್‌ಗೆ ಇದು ಎಲ್ಲಿಂದ ಬಂತು ಎಂದು ಹೇಳಿದರೆ 'ವಿಜ್ಞಾನದ್ವೇಷಿ' ಎಂಬ ದೂರು ತಾನಾಗಿ ಸಡಿಲವಾಗುತ್ತದೆ. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಆತ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಚಾರ ವಿಭಾಗದಲ್ಲಿದ್ದ. ವಿಜ್ಞಾನಿಗಳನ್ನು ಮಾತಾಡಿಸಿ ಸುದ್ದಿ ಬರೆಯುವುದೇ ಕೆಲಸ. ಅಣ್ಣ ಬರ್ನಾರ್ಡ್ ಅಲ್ಲೇ ವಿಜ್ಞಾನಿ. ಬೆಳ್ಳಿಯ ಅಯೋಡೈಡ್‌ನ ಹರಳು ಮಂಜಿನ ಹರಳನ್ನೇ ಹೋಲುತ್ತದೆ, ಮೋಡದಲ್ಲಿ ಅದನ್ನು ಹರಡಿದರೆ ತಣ್ಣಗಿರುವ ಹನಿಗಳು ಅದರ ಮೇಲೆ ಗಡ್ಡೆ ಕಟ್ಟುತ್ತವೆ ಎಂದು 1946ರಲ್ಲಿ ತೋರಿಸಿದವನು ಇದೇ ಅಣ್ಣ. ಮೋಡ ಬಿತ್ತನೆಗೆ ಇವತ್ತಿಗೂ ಅದನ್ನು ಬಳಸುತ್ತಾರೆ. ನಮ್ಮ ಸರ್ಕಾರ 2017ರಲ್ಲಿ 'ವರ್ಷಧಾರಿ' ಎಂಬ ಹೆಸರಿನಲ್ಲಿ ವಿಮಾನ ಹಾರಿಸಿ ಮೋಡ ಬಿತ್ತನೆ ಮಾಡಿಸಿತಲ್ಲ, ಆ ವಿದ್ಯೆಯ ಬೇರು ಅಲ್ಲಿದೆ. ಕಡೂರು, ಅರಸೀಕೆರೆ ಕಡೆಯ ಮಕ್ಕಳಿಗೆ ಮಳೆಗಾಗಿ ಆಕಾಶ ನೋಡುವುದು ಗೊತ್ತು. ಅವರಿಗೆ ಇದನ್ನು ಹೇಳಿ. ಅಣ್ಣ ಮೋಡದಲ್ಲಿ ಹರಳು ಬಿತ್ತಿದ, ತಮ್ಮ ಅದನ್ನೇ ಸಮುದ್ರಕ್ಕೆ ಬಿತ್ತಿದರೆ ಏನಾದೀತು ಎಂದು ಯೋಚಿಸಿದ. ಅದೇ ಕಂಪನಿಯಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದ್ದ, 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವನು. ಹೋನಿಕರ್ ಪಾತ್ರಕ್ಕೆ ಅವನೇ ಮಾದರಿ ಎಂದು ವಾನೆಗಟ್ ಹೇಳಿಕೊಂಡಿದ್ದಾನೆ. ವಿಜ್ಞಾನಿಗಳ ಮನೆಯೊಳಗೇ ಕೂತು ಬರೆದ ಪುಸ್ತಕ ಇದು.

ಹಾಗಾದರೆ ಅವನಿಗೆ ಸಿಟ್ಟು ಯಾರ ಮೇಲೆ? ಹೋನಿಕರ್ ಕೆಟ್ಟವನಲ್ಲ ಎನ್ನುವುದನ್ನು ಗಮನಿಸಿ. ದುರಾಸೆ ಇಲ್ಲ, ದ್ವೇಷ ಇಲ್ಲ. ಆಮೆಯ ಮೇಲೆ ಆಸಕ್ತಿ ಬಂದರೆ ಬಾಂಬು ಮರೆತುಬಿಡುವಂಥ ಮನುಷ್ಯ. ಪಾಪದ ಮಾತು ಬಂದರೆ ಹಾಗಂದರೇನು ಎಂದು ಕೇಳುತ್ತಾನೆ. ತಾನು ಮಾಡಿದ್ದು ಹೊರಗೆ ಹೋಗಿ ಏನು ಮಾಡುತ್ತದೆ ಎಂದು ತಿರುಗಿ ನೋಡುವುದಿಲ್ಲ, ಅಷ್ಟೇ. ಅವನ ಮಕ್ಕಳು ಇನ್ನೂ ಮುಗ್ಧರು. ಮಗಳು ತನ್ನ ಪಾಲಿನ ಹರಳು ಕೊಟ್ಟು ಗಂಡನನ್ನು ಪಡೆದಳು. ದೊಡ್ಡ ಮಗ ಹುದ್ದೆ ಗಿಟ್ಟಿಸಿಕೊಂಡ. ಚಿಕ್ಕವನದು ಪ್ರೀತಿಸಿದ ಹುಡುಗಿಯ ಮೂಲಕ ರಷ್ಯಾದ ಪಾಲಾಯಿತು. ಜಗತ್ತು ಮುಗಿಯುವುದು ಮದುವೆ, ಕೆಲಸ, ಪ್ರೀತಿ ಎಂಬ ಮೂರು ಮಾಮೂಲಿ ಆಸೆಗಳಿಂದ. ನಮ್ಮ ಮಕ್ಕಳಿಗೆ ಈ ಮೂರೂ ಅರ್ಥವಾಗುತ್ತವೆ, ಅಲ್ವಾ? ಈ ಭಾಗವನ್ನು ಓಡಿಸಬೇಡಿ, ನಿಧಾನವಾಗಿ ಓದಿಸಿ.

ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳಿದ್ದರೆ ಲಂಟಾನದ ಉದಾಹರಣೆ ಕೊಡಬಹುದು. ತೋಟದ ಅಂದಕ್ಕೆಂದು ಬೇರೆ ದೇಶದಿಂದ ತಂದ ಹೂವಿನ ಗಿಡ ಅದು, ಈಗ ಕಾಡೊಳಗೆ ಕಾಲಿಡಲು ಜಾಗ ಬಿಟ್ಟಿಲ್ಲ. ತಂದವರ ಮನಸ್ಸಿನಲ್ಲಿ ಕೇಡಿರಲಿಲ್ಲ.

ಈಗ ಧರ್ಮದ ವಿಷಯ. ಪೋಷಕರ ಭಯ ಏನೆಂದರೆ ಈ ಪುಸ್ತಕ ನಮ್ಮ ದೇವರನ್ನು ಗೇಲಿ ಮಾಡುತ್ತದೆ ಎಂಬುದು. ಅದು ಸುಳ್ಳು. ಹಿಂದೂ ಧರ್ಮ ಇದರ ಗುರಿಯಲ್ಲ. ಕ್ರೈಸ್ತ ಧರ್ಮದ ಮೇಲೆ ಅಲ್ಲಲ್ಲಿ ಚುಚ್ಚುಮಾತು ಇದೆ, ಬರೆದವನ ಸುತ್ತ ಇದ್ದದ್ದು ಅದು. ಆದರೆ ಭಯಕ್ಕೆ ಕಾರಣವೇ ಇಲ್ಲ ಎಂದೂ ಹೇಳಲಾರೆ. ವಾನೆಗಟ್ ದೇವರನ್ನು ನಂಬುವವನಲ್ಲ, ಅಮೆರಿಕದ ಮಾನವತಾವಾದಿಗಳ ಸಂಘಕ್ಕೆ ಗೌರವ ಅಧ್ಯಕ್ಷನೂ ಆಗಿದ್ದ. ಪುಸ್ತಕದ ನಗು ಯಾರನ್ನೂ ಬಿಡುವುದಿಲ್ಲ. ಪೋಷಕರಿಗೆ ಇದನ್ನು ಮುಚ್ಚಿಟ್ಟು 'ಏನೂ ಇಲ್ಲ ಸಾರ್' ಎಂದರೆ ನಾಳೆ ಯಾರೋ ಒಂದು ಪುಟದ ಫೋಟೊ ಕಳಿಸುತ್ತಾರೆ. ಆಗ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

ಬೊಕೊನಾನ್ ಧರ್ಮ ಹುಟ್ಟಿದ್ದು ಹೇಗೆ ನೋಡಿ. ಬೊಕೊನಾನ್ ಮತ್ತು ಮೆಕೇಬ್ ಎಂಬಿಬ್ಬರು ಆ ದ್ವೀಪಕ್ಕೆ ಬಂದು ಉದ್ಧಾರ ಮಾಡಲು ಹೊರಟರು. ಅಲ್ಲಿನ ಮಣ್ಣಿನಲ್ಲಿ ಏನೂ ಬೆಳೆಯುವುದಿಲ್ಲ, ಏನು ಮಾಡಿದರೂ ಬಡತನ ಹೋಗುವುದಿಲ್ಲ ಎಂದು ಗೊತ್ತಾಯಿತು. ಜನಕ್ಕೆ ಸಮಾಧಾನಕ್ಕಾದರೂ ಏನಾದರೂ ಬೇಕಲ್ಲ ಎಂದು ಧರ್ಮ ಕಟ್ಟಿದರು. ಆಮೇಲೆ ಬೊಕೊನಾನ್ ತಾನೇ ಹೇಳಿ ಅದನ್ನು ನಿಷೇಧ ಮಾಡಿಸಿದ, ಕದ್ದು ಮಾಡುವ ಪೂಜೆಗೆ ರುಚಿ ಜಾಸ್ತಿ ಎಂದು. ಸಿಕ್ಕಿಬಿದ್ದರೆ ಕೊಕ್ಕೆಗೆ ನೇತುಹಾಕುವ ಶಿಕ್ಷೆ. ದ್ವೀಪದ ಪ್ರತಿಯೊಬ್ಬನೂ ಒಳಗೊಳಗೇ ಬೊಕೊನಾನ್ ಭಕ್ತ, ಶಿಕ್ಷೆ ಕೊಡುವ ಸರ್ವಾಧಿಕಾರಿಯೂ ಸೇರಿ!

ಆದ್ದರಿಂದ ನಿಮ್ಮ ಹುಡುಗನ ಪ್ರಶ್ನೆಯಲ್ಲಿ ಒಂದು ಎಡವಟ್ಟಿದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಹೂವು ಬಾಡಿರುವುದಿಲ್ಲ ಎಂಬ ನಂಬಿಕೆ ತಲೆಮಾರುಗಳಿಂದ ಬಂದಿದೆ. ಬಹಳ ಜನ ನಂಬುತ್ತಾರೆ, ವಿಚಾರವಾದಿಗಳು ಪ್ರಶ್ನೆ ಮಾಡುತ್ತಾರೆ. ಎರಡೂ ನಮ್ಮೂರಿನಲ್ಲಿ ಹೊಸದಲ್ಲ. ಆದರೆ ಬೊಕೊನಾನ್ ಧರ್ಮದ ವಿಚಿತ್ರ ಇರುವುದು, ಇದು ಸುಳ್ಳು ಎಂದು ಹೇಳುವವನೂ ಕೇಳುವವನೂ ಇಬ್ಬರೂ ಬಲ್ಲರು ಎನ್ನುವುದರಲ್ಲಿ. ಗೊತ್ತಿದ್ದೂ ಹಿಡಿದುಕೊಳ್ಳುತ್ತಾರೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ನಮ್ಮ ಅಜ್ಜಿ ಹಾಗೆ ನಿಂತಿರುವುದಿಲ್ಲ. ಅವರ ಪಾಲಿಗೆ ಅದು ಸತ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಗುಡಿಗಿಂತ ಮೊದಲು ಕಾದಂಬರಿಗೇ ಅನ್ಯಾಯ.

ಹುಡುಗನಿಗೆ ಇಷ್ಟು ಹೇಳಿ: "ದೀಪ ಉರಿಯುತ್ತದೋ ಇಲ್ಲವೋ ಎನ್ನುವುದನ್ನು ಈ ಪುಸ್ತಕದಿಂದ ತೀರ್ಮಾನ ಮಾಡುವುದಕ್ಕೆ ಆಗುವುದಿಲ್ಲ. ಅದು ಬೇರೆ ರೀತಿ ಕೇಳಬೇಕಾದ ಪ್ರಶ್ನೆ, ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿ ನಮ್ಮ ಪ್ರಶ್ನೆ, ಸುಳ್ಳೆಂದು ಗೊತ್ತಿದ್ದೂ ಆ ದ್ವೀಪದ ಜನ ಯಾಕೆ ಹಿಡಿದುಕೊಂಡರು ಎನ್ನುವುದು." ಹುಡುಗನನ್ನು ಗದರಬೇಡಿ. ಅವನು ಕೇಳಿದ್ದು ಒಳ್ಳೆಯದೇ ಆಯಿತು. ಷಿಕಾಗೊ ವಿಶ್ವವಿದ್ಯಾಲಯ 1971ರಲ್ಲಿ ಇದೇ ಕಾದಂಬರಿಯನ್ನು ಪ್ರಬಂಧವಾಗಿ ಒಪ್ಪಿ ವಾನೆಗಟ್‌ಗೆ ಮಾನವಶಾಸ್ತ್ರದ ಎಂಎ ಪದವಿ ಕೊಟ್ಟಿತು. ಧರ್ಮ ನಿಜವೋ ಸುಳ್ಳೋ ಎಂದು ಕೇಳದೆ, ಅದು ಜನರಿಗೆ ಏನು ಮಾಡಿಕೊಡುತ್ತದೆ ಎಂದು ಕೇಳುವುದು ಮಾನವಶಾಸ್ತ್ರದವರ ದಾರಿ. ನಿಮಗೂ ಅದೇ ಅನುಕೂಲ.

ಹಾಸನದಲ್ಲಿ ಇನ್ನೊಂದು ಮಾತು ಬಂದೇ ಬರುತ್ತದೆ. ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) 1982ರಿಂದ ನಿಮ್ಮೂರಲ್ಲೇ ಇದೆ, ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಉಡಾವಣೆಗೆ ಮುಂಚೆ ರಾಕೆಟ್ಟಿನ ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋಗುವ ಸುದ್ದಿ ಮಕ್ಕಳು ಪೇಪರಿನಲ್ಲಿ ನೋಡಿರುತ್ತಾರೆ. ಒಬ್ಬರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಇನ್ನೊಬ್ಬರು ವ್ಯಂಗ್ಯವಾಗಿ. ಇಬ್ಬರಿಗೂ ಹೋನಿಕರ್ ನೆನಪಿಸಿ. ಪೂಜೆಯನ್ನೂ ಮಾಡದ, ಪ್ರಶ್ನೆಯನ್ನೂ ಕೇಳಿಕೊಳ್ಳದ ವಿಜ್ಞಾನಿ ಅವನು. ಅಲ್ಲಿಂದ ಚರ್ಚೆ ಬೇರೆ ಕಡೆ ಹೊರಳುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಪುಸ್ತಕ ಪೂರ್ತಿ ಕೈಬಿಡುವುದು ಸುಲಭ. ಆದರೆ ಅರ್ಧದಲ್ಲಿ ನಿಲ್ಲಿಸಿದರೆ ಮಕ್ಕಳು ಬೊಕೊನಾನ್‌ನ ಸುಳ್ಳು ಮಾತ್ರ ತಲೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಕೊನೆಯ ಭಾಗದಲ್ಲಿ ಆ ಧರ್ಮದ ಬೆಲೆ ಏನು, ಜನ ಅದನ್ನು ನಂಬಿ ಎಲ್ಲಿಗೆ ಹೋಗಿ ತಲುಪಿದರು ಎನ್ನುವುದು ಬರುತ್ತದೆ, ಅದು ತಪ್ಪಿಹೋಗುತ್ತದೆ. ಜೊತೆಗೆ ಒಂದು ಫೋನಿಗೆ ಪುಸ್ತಕ ಬದಲಾಗುತ್ತದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅಮೆರಿಕದ ಒಹಾಯೊದ ಸ್ಟ್ರಾಂಗ್ಸ್‌ವಿಲ್‌ನಲ್ಲಿ ಶಾಲಾ ಮಂಡಳಿ 1972ರಲ್ಲಿ ಈ ಪುಸ್ತಕವನ್ನು ಗ್ರಂಥಾಲಯದಿಂದಲೇ ತೆಗೆಸಿತ್ತು. 1976ರಲ್ಲಿ ಕೋರ್ಟು ಅದು ತಪ್ಪೆಂದಿತು. ಅಲ್ಲಿಯೂ ಇದೇ ರಗಳೆ ಆಗಿತ್ತು ಎಂದು ಪ್ರಿನ್ಸಿಪಾಲರಿಗೆ ತಿಳಿದಿರಲಿ.

ಆಯ್ದ ಅಧ್ಯಾಯ ಮಾತ್ರ ಮಾಡುವುದು ಇನ್ನೊಂದು ದಾರಿ. ನನಗೆ ಅದು ಒಗ್ಗುವುದಿಲ್ಲ. ಧರ್ಮದ ಭಾಗ ತೆಗೆದರೆ ಉಳಿಯುವುದು ವಿಜ್ಞಾನಕ್ಕೆ ಬೈಗುಳ, ವಿಜ್ಞಾನದ ಭಾಗ ತೆಗೆದರೆ ಉಳಿಯುವುದು ಧರ್ಮದ ಗೇಲಿ. ನೀವು ತಪ್ಪಿಸಿಕೊಳ್ಳಬೇಕೆಂದ ಎರಡು ದೂರೂ ಆಗ ನಿಜವಾಗುತ್ತವೆ.

ನನ್ನ ಆಯ್ಕೆ: ಪೂರ್ತಿ ಮುಗಿಸಿ, ಪಕ್ಕದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಇಟ್ಟುಕೊಳ್ಳಿ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಏಲಕ್ಕಿ ಬೆಳೆ ಕುಸಿತ, ಒಬ್ಬ ವಿಜ್ಞಾನಿಯ ಸಾವು, ಮಲೆನಾಡಿನ ಒಂದು ಊರಿನ ಜಾತಿ, ಧರ್ಮ, ಮೂಢನಂಬಿಕೆ, ಕೊನೆಗೆ ಬೆಂಕಿ. ಮೂಡಿಗೆರೆಯಲ್ಲಿ ಕೂತು ಬರೆದವರು ನಮ್ಮ ಪೆದ್ದುತನವನ್ನು ನೋಡಿ ನಗುವಾಗ ಯಾರೂ ಹೊರಗಿನವರ ಪಿತೂರಿ ಎನ್ನಲಾಗುವುದಿಲ್ಲ. (ಇಬ್ಬರೂ ತೀರಿಕೊಂಡದ್ದು 2007ರ ಏಪ್ರಿಲ್‌ನಲ್ಲಿ, ತೇಜಸ್ವಿ 5ರಂದು, ವಾನೆಗಟ್ 11ರಂದು.) ಅಪಾಯವೂ ಇದೆ. ಆ ಕಾದಂಬರಿಯಲ್ಲಿ ಹಿಂದೂ-ಮುಸ್ಲಿಂ ವಿಷಯ ಬರುತ್ತದೆ, ಚರ್ಚೆ ಕಾದೀತು. ಬಾಬಾಬುಡನ್‌ಗಿರಿಯ ಗಲಾಟೆಯನ್ನು ಕ್ಲಾಸಿಗೆ ಎಳೆಯಲು ಯಾರಾದರೂ ನೋಡಿದರೆ ಪುಟಕ್ಕೆ ವಾಪಸ್ ಕರೆದುಕೊಂಡು ಬನ್ನಿ. ಎರಡು ಕಾದಂಬರಿಗೆ ಸಮಯ ಸಾಲದಿದ್ದರೆ ತೇಜಸ್ವಿಯವರದ್ದು ಮನೆಯಲ್ಲಿ ಓದಲಿ, ಕನ್ನಡ ತಾನೇ.

ಕಾನೂನಿನ ಭಯದ ಬಗ್ಗೆ ಒಂದು ಮಾತು. ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ ಹಿಂದೆ ಐಪಿಸಿ 295ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 299. ಬೇಕೆಂದೇ, ದುರುದ್ದೇಶದಿಂದ ಮಾಡಿರಬೇಕು ಎನ್ನುವುದು ಅದರ ಮುಖ್ಯ ಮಾತು. ಕಾದಂಬರಿ ಪಾಠ ಮಾಡುವುದು ಅದಲ್ಲ. ಆದರೂ ಪಾಠದ ಯೋಜನೆಯನ್ನು ಬರಹದಲ್ಲಿ ಕೊಟ್ಟು ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಟ್ಟುಕೊಳ್ಳಿ. ವೈಜ್ಞಾನಿಕ ಮನೋಭಾವ ಬೆಳೆಸುವುದು ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಕರ್ತವ್ಯ, ನಿಜ. ಆದರೆ ಪೋಷಕರ ಮುಂದೆ ಅದನ್ನು ಬೀಸಬೇಡಿ, ಕೂತು ಕಾಫಿ ಕುಡಿಸಿ ಕಥೆ ಹೇಳಿ. ನನ್ನ ಅನುಭವದಲ್ಲಿ ಬಹಳ ಜನರಿಗೆ ಬೇಕಾಗಿರುವುದು, ನಮ್ಮ ಮಗುವನ್ನು ನಮ್ಮಿಂದ ದೂರ ಮಾಡುತ್ತಿಲ್ಲ ಎನ್ನುವ ಭರವಸೆ ಮಾತ್ರ.

ಕ್ಲಾಸಿನಲ್ಲಿ ಮುಜುಗರ ಆಗುವ ಜಾಗಗಳನ್ನೂ ಮೊದಲೇ ತಿಳಿದಿರಿ. ಬೊಕೊನಾನ್ ಭಕ್ತರು ಅಂಗಾಲಿಗೆ ಅಂಗಾಲು ಒತ್ತಿ ಕೂರುತ್ತಾರೆ, ಅದೇ ಅವರ ಪ್ರಾರ್ಥನೆ. ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮಲ್ಲಿ ಮಕ್ಕಳು ನಗುವುದು ಗ್ಯಾರಂಟಿ. ನಗಲಿ, ಆಮೇಲೆ ಕಾಲನ್ನೇ ಯಾಕೆ ಆರಿಸಿಕೊಂಡ ಎಂದು ಕೇಳಿ. ಜಾನ್ ಮೋಹಿಸುವ ದ್ವೀಪದ ಸುಂದರಿ ಮೋನಾಳ ಪ್ರಸಂಗಗಳಲ್ಲಿ ದಾಪುಗಾಲು ಹಾಕಬಹುದು. ಇನ್ನೊಂದು: ಆ ದ್ವೀಪದ ಜನರಿಗೆ ಸ್ವಂತ ಮುಖವೇ ಇಲ್ಲ, ಬಡವರ ಹಿಂಡಿನ ಹಾಗೆ ಕಾಣುತ್ತಾರೆ. ಬಿಳಿಯನ ಕಣ್ಣು ಅದು. ಅದನ್ನು ಮಕ್ಕಳೇ ಹಿಡಿದು ಬೈದರೆ ವಾನೆಗಟ್‌ನ ಪರ ವಕಾಲತ್ತು ಮಾಡಬೇಡಿ, ಅವರು ಹೇಳುವುದು ಸರಿ.

ಪರೀಕ್ಷೆಗೆ 'ವಿಜ್ಞಾನ ಮತ್ತು ಧರ್ಮದ ಸಂಘರ್ಷವನ್ನು ವಿವರಿಸಿ' ಎಂಬ ಪ್ರಶ್ನೆ ಮಾತ್ರ ಬೇಡ. ಗೈಡಿನಲ್ಲಿ ರೆಡಿ ಉತ್ತರ ಇರುತ್ತದೆ. ಇಂಟರ್ನಲ್ ಅಂಕಕ್ಕೆ ಹೀಗೆ ಕೊಡಿ: ಹೋನಿಕರ್‌ನ ಮೂವರು ಮಕ್ಕಳಲ್ಲಿ ಒಬ್ಬರನ್ನು ಆರಿಸಿ, ಆ ಹರಳು ನಿನ್ನ ಕೈಯಲ್ಲಿದ್ದರೆ ಯಾರಿಗೆ ಕೊಡುತ್ತಿದ್ದೆ, ಯಾಕೆ, ಬರಿ. ಇಂಗ್ಲಿಷ್ ಬರದಿದ್ದರೆ ಮೊದಲು ಕನ್ನಡದಲ್ಲಿ ಬರೆದುಕೊಂಡು ಬರಲಿ. ಎರಡು ಪುಟ ಸಾಕು.